ಬೆನ್ನು ತೊಳೆದವಳು

ನಾಲ್ಕು ಜನ ಹಗ್ಗ ಜಗ್ಗಿದರೂ ಕುದುರೆ ಬೀಳಲಿಲ್ಲ. ಮುಂಗಾಲಿಗೆ ಕುಣಿಕೆ ಬಿಗಿದಿತ್ತು. ಹಿಂಗಾಲಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಹಾಲು ಕರೆಯಲು ಕೂತ ಬುರುಲ್‌ಳ ಎದೆಗೂಡು ಮುರಿದದ್ದು ಅದೇ ಹಿಂಗಾಲು.

"ಸಾವಿನ ಊಟಕ್ಕೆ ಬೇರೆ ಕುದುರೆ ಕಡಿಯೋಣ ಮಾವ," ಎಂದ ಹಗ್ಗ ಹಿಡಿದವರಲ್ಲೊಬ್ಬ. "ಇದು ಹಾಲು ಕೊಡೋದು. ಮರಿ ಬೇರೆ ಇದೆ."

"ಇದನ್ನೇ," ಎಂದ ಮಂಬೆತ್.

ಮಂಬೆತ್ ಸತ್ತವಳ ಗಂಡ. ಸಾವಿನ ಮನೆಯ ಯಜಮಾನ ಹೆಣವಿರುವ ಕಂಬಳಿ ಗುಡಾರದ ಬಾಗಿಲಲ್ಲಿ ಕೋಲಿಗೆ ಒರಗಿ ನಿಂತು, ಬಂದವರ ಎದುರು ಗಟ್ಟಿಯಾಗಿ ಅಳಬೇಕು. ಕಡಿಯುವುದು ಬೇಯಿಸುವುದು ಬೇರೆಯವರ ಕೆಲಸ. ಅವನು ಆ ಜಾಗ ಬಿಟ್ಟು ಬಂದದ್ದೇ ರೂಢಿಗೆ ವಿರುದ್ಧ. ಬಂದವನು ಕೋಲನ್ನು ಮಗ ಎರ್ಮೆಕ್‌ನ ಕೈಗೆ ಕೊಟ್ಟ, ಹಗ್ಗದ ತುದಿ ಕಸಿದುಕೊಂಡ, ಹಿಂಗಾಲಿಗೆ ತಾನೇ ಕುಣಿಕೆ ಎಸೆದ. ಕುದುರೆ ಝಾಡಿಸಿ ಒದೆಯಿತು. ಗೊರಸು ಮುದುಕನ ತೊಡೆ ಸವರಿಕೊಂಡು ಹೋಯಿತು. ಅವನು ಬಿಡಲಿಲ್ಲ. ಎಲ್ಲರೂ ಒಟ್ಟಿಗೆ ಜಗ್ಗಿದಾಗ ಅದು ಮಗ್ಗುಲಿಗೆ ಧೊಪ್ಪನೆ ಬಿತ್ತು. ಬಿಸ್ಮಿಲ್ಲಾ ಎಂದು ಚೂರಿ ಎಳೆದರು. ಬಿಸಿ ರಕ್ತ ಹಬೆಯಾಡುತ್ತ ಗುಂಡಿಗೆ ಹರಿಯಿತು. ಬೇಲಿಯಾಚೆ ಮರಿ ಕೆನೆಯುತ್ತಲೇ ಇತ್ತು.

"ಮನುಷ್ಯರನ್ನ ಕೊಂದ ಕುದುರೆ ಮಾಂಸ ಬಾಯಿಗೆ ಹೇಗೆ ಇಳಿಯುತ್ತೋ," ಎಂದು ಯಾರೋ ಗೊಣಗಿದರು.

"ಕುದುರೆ ತಪ್ಪೇನಿಲ್ಲ," ಎಂದ ಜಪಾರ್. ಜಪಾರ್ ಆ ಕಣಿವೆಯಲ್ಲಿ ಗಾಳಿ ಬಿಡಿಸುವವನು. ಅವನಪ್ಪನದೂ ಅದೇ ಕಸುಬು. ಸೊಂಟದಲ್ಲಿ ಹೆಣೆದ ಬಾರುಕೋಲು, ತಲೆಯ ಮೇಲೆ ನರಿಯ ತೊಗಲಿನ ಟೊಪ್ಪಿ, ನಾಲಗೆಯ ಮೇಲೆ ಜೇನು. "ಪ್ರಾಣಿಗೆ ಕಂಡಿದೆ. ನಮಗೆ ಕಾಣದ್ದು ಅದಕ್ಕೆ ಕಾಣುತ್ತೆ. ಅವಳ ಮೈಯಲ್ಲಿದ್ದದ್ದು ಎದ್ದಿತು, ಕುದುರೆ ಬೆದರಿತು."

"ಕಂಡದ್ದು ನಾಯಿ," ಎಂದ ಮಂಬೆತ್. ಅವನ ತೋಳು ಮೊಣಕೈವರೆಗೆ ಕೆಂಪಾಗಿತ್ತು. "ನಾಯಿ ಬಂದು ಮರಿಯ ಕಾಲಿಗೆ ಬಾಯಿ ಹಾಕ್ತು. ತಾಯಿ ಒದೀತು. ಮಧ್ಯೆ ನನ್ನ ಹೆಂಡತಿ ಕೂತಿದ್ಲು. ಮರಿ ಹಿಡ್ಕೊಂಡು ನಿಂತಿದ್ದವನು ನಾನು. ನಿನಗಿಂತ ಹತ್ರದಿಂದ ನೋಡಿದೀನಿ."

ಹತ್ತಿರದಿಂದ ನೋಡಿದವನ ಮಾತು ಯಾರಿಗೆ ಬೇಕು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಊರು ಅದು. ಬುರುಲ್ ಸತ್ತ ಸಂಜೆಯೊಳಗೆ ಅವಳಿಗೆ ಕುದುರೆಯ ಕೆಳಗೇ ಮೂರ್ಛೆ ಬಂತೆಂದೂ, ನೊರೆ ಕಾರಿದಳೆಂದೂ, ಆ ರೋಗಕ್ಕೆ ಅಷ್ಟು ವರ್ಷ ನುಂಗಿದ ಮಾತ್ರೆ ಕೈಕೊಟ್ಟಿತೆಂದೂ ಸುದ್ದಿ ಪಕ್ಕದ ಊರು ಮುಟ್ಟಿತ್ತು. ಪಕ್ಕದ ಊರಿನಿಂದ ಆ ಸುದ್ದಿಯ ಜೊತೆಗೇ ಅಳುತ್ತ ಬಂದವಳು ಬೀಗಿತ್ತಿ ಕಾಲಿಪಾ, ಎರ್ಮೆಕ್‌ನ ಹೆಂಡತಿ ಎಲ್ನುರಾಳ ತಾಯಿ. ಬಂದವಳೇ ಮನೆಯ ಉಸ್ತುವಾರಿ ವಹಿಸಿಕೊಂಡಳು. ಹಿಟ್ಟು ನಾದಿಸಿದಳು, ಕನ್ನಡಿಗೆ ಬಟ್ಟೆ ಮುಚ್ಚಿಸಿದಳು, ಗೂಡಿನಲ್ಲಿದ್ದ ಮಾತ್ರೆಗಳ ಪಟ್ಟಿಯನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು.

ಆ ಪಟ್ಟಿ ಬುರುಲ್‌ಳದ್ದಲ್ಲ. ಮೊಮ್ಮಗಳು ಬೆರ್ಮೆತ್‌ಳದ್ದು. ಒಂಬತ್ತು ವರ್ಷದ ಹುಡುಗಿಗೆ ಹೋದ ಚಳಿಗಾಲದಲ್ಲಿ ಮೊದಲ ಸಲ ಮೂರ್ಛೆ ಬಂದಿತ್ತು. ಅಜ್ಜಿ ಅವಳನ್ನು ರಾಜಧಾನಿಯ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಬೆಳಿಗ್ಗೆ ರಾತ್ರಿ ತಾನೇ ನಿಂತು ನುಂಗಿಸುತ್ತಿದ್ದಳು. ಅಜ್ಜಿ ಸತ್ತ ಗಳಿಗೆಯಿಂದ ಅದು ನಿಂತಿತ್ತು.

ಹುಲ್ಲು ಬಣವೆಯ ಹಿಂದೆ ಮೂವರು ನಿಂತರು. ಜಪಾರ್, ಕಾಲಿಪಾ, ಎಲ್ನುರಾ.

"ಸತ್ತವಳ ಮೈಯಲ್ಲಿದ್ದದ್ದು ಈಗ ಮನೆ ಇಲ್ಲದೆ ನಿಂತಿದೆ," ಎಂದ ಜಪಾರ್. "ಹೆಣ ಈ ಅಂಗಳ ದಾಟೋದರ ಒಳಗೆ ಅದನ್ನ ಓಡಿಸ್ಬೇಕು. ಇಲ್ಲಾಂದ್ರೆ ಮಗೂನಲ್ಲೇ ಕಾಯಂ ಸಂಸಾರ ಹೂಡುತ್ತೆ."

"ಮಗೂಗೆ ನೋವಾಗುತ್ತಾ?" ಎಂದಳು ಎಲ್ನುರಾ. ಅವಳ ಕಣ್ಣು ಅತ್ತು ಊದಿದ್ದವು.

"ಏಟು ಗಾಳಿಗೆ ಬೀಳುತ್ತಮ್ಮಾ, ಮಗೂಗಲ್ಲ. ಬಾರುಕೋಲು ಮಂತ್ರಿಸಿದ್ದು. ಮೈ ಮೇಲೆ ಒಂದು ಗೆರೆ ಉಳಿಯಲ್ಲ. ಇದೇ ಬುರುಲ್‌ಗೆ ಹುಡುಗಿಯಾಗಿದ್ದಾಗ ನಮ್ಮಪ್ಪ ಬಿಡಿಸಿದ್ದ. ಚೆನ್ನಾಗೇ ಇದ್ಲು. ಆಮೇಲೆ ಪಟ್ಟಣದ ಮಾತ್ರೆ ನುಂಗಿ ಹೋದದ್ದನ್ನ ವಾಪಸ್ ಕರೆಸ್ಕೊಂಡ್ಲು."

"ಕಿರುಚಿದ್ರೆ? ನಮ್ಮ ಮಾವ ಸುಮ್ಮನಿರಲ್ಲ."

"ಹೆಣ ಎತ್ತೋವಾಗ ಹೆಂಗಸರೆಲ್ಲ ಒಂದೇ ಸಮ ಅಳ್ತಾರೆ. ಗಂಡಸರು ನಮಾಜಿಗೆ ನಿಂತಿರ್ತಾರೆ. ಆಗ ಮಾಡೋಣ, ಗುಡಾರದ ಹಿಂದೆ. ಮಗು ಎಷ್ಟು ಕೂಗಿದ್ರೂ ಯಾರಿಗೂ ಕೇಳ್ಸಲ್ಲ."

ಎಲ್ನುರಾ ತಾಯಿಯ ಮುಖ ನೋಡಿದಳು. ಕಾಲಿಪಾ ಮಗಳ ಕೈ ಹಿಡಿದುಕೊಂಡಳು. ಅವಳು ಕೆಟ್ಟವಳಲ್ಲ. ಮೊಮ್ಮಗಳ ಮೇಲಿನ ಪ್ರೀತಿಗೆ ಅವಳ ನಿದ್ದೆ ಹಾರಿ ತಿಂಗಳುಗಳಾಗಿದ್ದವು. ಭಯ ಹಿಡಿದವರು ಭಯ ಇಲ್ಲದವನ ಹಾಗೆ ಮಾತಾಡುವವನನ್ನು ನಂಬುತ್ತಾರೆ, ಅಷ್ಟೇ.

"ಕೈ ನೀನು ಹಿಡ್ಕೋ," ಎಂದಳು ಮಗಳಿಗೆ. "ನಾನು ಹೆಣ ತೊಳೆದು ಬರ್ತೀನಿ. ನಾನು ಬರೋ ತನಕ ಶುರು ಮಾಡ್ಬೇಡಿ."

* * *

ಬೀಗಿತ್ತಿಯರ ಜಗಳ ಇಡೀ ಕಣಿವೆಗೆ ಗೊತ್ತಿದ್ದದ್ದೇ. ವಸಂತದ ಹಬ್ಬದ ದಿನ ಹೆಂಗಸರೆಲ್ಲ ಕೊಪ್ಪರಿಗೆಯ ಸುತ್ತ ನಿಂತು ಮೊಳಕೆ ಗೋಧಿಯ ಪಾಯಸ ತಿರುವುತ್ತಿದ್ದರು. ಬೆರ್ಮೆತ್ ಅಲ್ಲೇ ಆಡುತ್ತಿದ್ದವಳು ಕಡಿದ ಮರದಂತೆ ಬಿದ್ದಳು. ಕೈಕಾಲು ಸೆಟೆದುಕೊಂಡವು. ಕಾಲಿಪಾ ಓಡಿ ಬಂದು ಚಮಚದ ಹಿಡಿಯನ್ನು ಮಗುವಿನ ಹಲ್ಲಿನ ಸಂದಿಗೆ ತುರುಕಲು ಹೋದಳು. ಎಲ್ಲರೂ ಹಾಗೇ ಮಾಡುತ್ತಿದ್ದರು, ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು.

ಬುರುಲ್‌ಳ ಕೈಯಲ್ಲಿ ಮರದ ಸೌಟಿತ್ತು, ಒಂದು ಮೊಳ ಉದ್ದದ್ದು. ಪಾಯಸ ತೊಟ್ಟಿಕ್ಕುತ್ತಿದ್ದಂತೆಯೇ ಅದು ಕಾಲಿಪಾಳ ಮಣಿಕಟ್ಟಿನ ಮೇಲೆ ಬಿತ್ತು. ಚಮಚ ಹಾರಿತು. ಕಾಲಿಪಾ ಬುರುಲ್‌ಳ ಮುಖ ಪರಚಿದಳು. ಬುರುಲ್ ಅವಳ ಜಡೆಗೆ ಕೈ ಹಾಕಿ ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಕೂತಳು. ಕೂತಲ್ಲಿಂದಲೇ ಮಗುವನ್ನು ಒಂದು ಕೈಯಲ್ಲಿ ಮಗ್ಗುಲಿಗೆ ಹೊರಳಿಸಿದಳು.

"ಕಿವಿ ತೆಗೆದು ಕೇಳು ಬೀಗಿತ್ತಿ," ಎಂದು ಪ್ರತಿ ಮಾತಿಗೂ ಜಡೆ ಎಳೆದಳು. "ಬಾಯಿಗೆ ಏನೂ ಹಾಕ್ಬಾರ್ದು. ಅದುಮಿ ಹಿಡೀಬಾರ್ದು. ಮಗ್ಗುಲಿಗೆ ಮಲಗಿಸು, ತಲೆ ಕೆಳಗೆ ಮೆತ್ತಗಿರೋದು ಇಡು, ಸುಮ್ಮನೆ ಕಾಯಿ. ಚಹಾ ಒಂದು ಕುದಿ ಬರೋಷ್ಟು ಹೊತ್ತು. ಅಷ್ಟರಲ್ಲಿ ನಿಲ್ಲದಿದ್ರೆ ಗಾಡಿ ಹತ್ತಿಸು, ಆಸ್ಪತ್ರೆಗೆ. ತಿಳೀತಾ? ತಿಳೀತಾ ಅಂದೆ."

"ದೆವ್ವ ಮೆಟ್ಟಿದವಳೇ, ಬಿಡು ನನ್ನ."

"ತಿಳೀತು ಅನ್ನು, ಬಿಡ್ತೀನಿ."

ಕಾಲಿಪಾ ಅನ್ನಲಿಲ್ಲ. ಮಗು ತಾನಾಗಿ ಉಸಿರೆಳೆದು ಸುಧಾರಿಸಿಕೊಂಡಿತು. ಬುರುಲ್‌ಳ ಮುಷ್ಟಿಯಲ್ಲಿ ಒಂದು ಹಿಡಿ ಕೂದಲು ಉಳಿಯಿತು. ಅಂದಿನಿಂದ ಕಾಲಿಪಾ ತಲೆವಸ್ತ್ರವನ್ನು ಹಣೆಯವರೆಗೆ ಎಳೆದು ಕಟ್ಟುತ್ತಿದ್ದಳು. ಕಿತ್ತುಹೋದ ಜಾಗದಲ್ಲಿ ಕೂದಲು ಸರಿಯಾಗಿ ಬರಲೇ ಇಲ್ಲ.

* * *

ಹೆಣ ತೊಳೆಯಲು ನಾಲ್ವರು ಹೆಂಗಸರು. ಬೀಗಿತ್ತಿಯ ಪಾಲು ತಪ್ಪಿಸುವ ಹಾಗಿಲ್ಲ, ಜಗಳವಿದ್ದರೂ ಸರಿ. ಗುಡಾರದೊಳಗೆ ಪರದೆ ಕಟ್ಟಿ, ಹಲಗೆಯ ಮೇಲೆ ಬುರುಲ್‌ಳನ್ನು ಮಲಗಿಸಿ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ತೊಳೆಯುವವರು ಕೈಗೆ ಬಟ್ಟೆಯ ಚೀಲ ಹಾಕಿಕೊಂಡು, ಹೊದಿಕೆಯ ಅಡಿಯಲ್ಲಿ ಕೈಯಾಡಿಸಿ ತೊಳೆಯಬೇಕು. ಎಲ್ಲರಿಗಿಂತ ಹಿರಿಯಳು ಸೋನುನ್, ಸತ್ತವಳ ಅಕ್ಕ.

"ಇಲ್ಲಿ ಕಂಡದ್ದು ಇಲ್ಲೇ ಮಣ್ಣಾಗ್ಲಿ," ಎಂದಳು ಸೋನುನ್. ಉಳಿದವರು ಆಮೀನ್ ಎಂದರು. ಆ ಮಾತು ಕೊಟ್ಟ ಮೇಲೆಯೇ ನೀರು ಮುಟ್ಟಬೇಕು. ತೊಳೆದವರ ಬಾಯಿಂದ ಸತ್ತವರ ಮೈಯ ಮಾತು ಹೊರಬಂದದ್ದು ಆ ಕಣಿವೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಕಾಲಿಪಾ ಹಿತ್ತಾಳೆಯ ಗಿಂಡಿಯಿಂದ ನೀರು ಬಿಟ್ಟಳು. ಬುರುಲ್‌ಳ ಬಾಯಿ ಸ್ವಲ್ಪ ತೆರೆದಿತ್ತು. ಮುಂದಿನ ನಾಲ್ಕೂ ಹಲ್ಲು ಚಿನ್ನದವು. ಚಿನ್ನದ ಹಲ್ಲು ಕಟ್ಟಿಸಿಕೊಂಡ ಜಂಬಗಾರ್ತಿ ಎಂದು ಕಾಲಿಪಾ ಎಷ್ಟೋ ಸಲ ಆಡಿಕೊಂಡಿದ್ದಳು. ಬಲ ಮುಂಗೈಯ ಮೇಲೆ ಹಳೆಯ ಸುಟ್ಟ ಗಾಯ, ಮೈದಾ ಹಿಟ್ಟು ಮೆತ್ತಿದ ಹಾಗೆ ನಯ. ಎದೆಯ ಮೇಲೆ ಗೊರಸಿನ ಗುರುತು, ಕಪ್ಪು. ಅದನ್ನು ತೊಳೆಯುವಾಗ ಕಾಲಿಪಾಳಿಗೆ ನಿಜಕ್ಕೂ ಅಳು ಬಂತು. ಬೈಯಲು ಇನ್ನು ಯಾರಿದ್ದಾರೆ ಎನಿಸಿತು.

ಎಡ ಮಗ್ಗುಲಿಗೆ ಹೊರಳಿಸಿದರು. ಕಾಲಿಪಾ ಬೆನ್ನಿಗೆ ಕೈ ಹಾಕಿದಳು.

ಮೊದಲು ತಿಳಿದದ್ದು ಕೈಗೆ. ಚೀಲದೊಳಗಿನ ಬೆರಳಿಗೆ ಏನೋ ತಡೆಯಿತು. ಹಲಗೆಯ ಸಿಬರು ಇರಬೇಕು ಎಂದುಕೊಂಡಳು. ಇನ್ನಷ್ಟು ಕೆಳಗೆ ಜಾರಿಸಿದಳು, ಮತ್ತೆ ತಡೆಯಿತು. ಹೆಗಲಿನಿಂದ ಸೊಂಟದವರೆಗೆ ಎಲ್ಲಿ ಕೈಯಿಟ್ಟರೂ ಉಬ್ಬು, ಉಬ್ಬಿನ ಮೇಲೆ ಉಬ್ಬು. ಹೊದಿಕೆ ಸರಿಸಬಾರದು, ಗೊತ್ತಿತ್ತು. ಸರಿಸಿದಳು.

ಹೆಣೆದ ಬಾರಿನ ಗುರುತು ಯಾರಿಗಾದರೂ ತಿಳಿಯುತ್ತದೆ. ಕುದುರೆಯೊಂದಿಗೆ ಬಾಳಿದವರಿಗಂತೂ ಹೇಳಬೇಕಿಲ್ಲ. ಚರ್ಮ ಸೀಳಿ, ಕೀವಾಗಿ, ಮಾಯ್ದು, ಬೆಳೆಯುವ ಮೈಯ ಜೊತೆ ಹಿಗ್ಗಿದ ಬಿಳಿ ಗೆರೆಗಳು. ದೊಡ್ಡವಳಾದ ಮೇಲೆ ಬಿದ್ದ ಏಟು ಹಾಗೆ ಹಿಗ್ಗುವುದಿಲ್ಲ.

"ಇದೇನು?" ಎಂದಳು ಕಾಲಿಪಾ.

"ತೊಳಿ," ಎಂದಳು ಸೋನುನ್.

"ಬಾರುಕೋಲು ಇದು. ಯಾರು ಮಾಡಿದ್ದು ಅಕ್ಕಾ? ಜಪಾರ್‌ನ ಅಪ್ಪಾನಾ?"

"ತೊಳಿ ಅಂದೆ. ಕೇಳ್ಬೇಡ."

"ಗೆರೆ ಉಳಿಯಲ್ಲ ಅಂದ. ಏಟು ಗಾಳಿಗೆ ಬೀಳುತ್ತೆ ಅಂದ."

ಸೋನುನ್‌ಳ ಕೈ ನಿಂತಿತು. ಮುದುಕಿ ತಲೆ ಎತ್ತದೆ, "ಅವನಪ್ಪನೇ. ನನಗೆ ಹದಿನಾಲ್ಕು ವರ್ಷ ಆಗ, ಇವಳಿಗೆ ಹನ್ನೊಂದು. ಇವಳ ಹಲ್ಲು ಹೋದದ್ದೂ ಆವತ್ತೇ. ಕಾಲು ಹಿಡಿದಿದ್ದವಳು ನಾನು," ಎಂದಳು. ಆಮೇಲೆ ಹೊದಿಕೆ ಎಳೆದು ಮುಚ್ಚಿದಳು. "ಈಗ ತಲೆ ಬಾಚು."

ಬುರುಲ್‌ಳ ನೆರೆತ ಕೂದಲನ್ನು ಕಾಲಿಪಾ ಬಾಚಿ ಜಡೆ ಹೆಣೆದಳು. ಸಾರ್ವಜನಿಕ ಸ್ನಾನದ ಮನೆಗೆ ಬುರುಲ್ ಯಾರ ಜೊತೆಗೂ ಬರುತ್ತಿರಲಿಲ್ಲ, ಎಲ್ಲರದೂ ಮುಗಿದ ಮೇಲೆ ಒಬ್ಬಳೇ ಹೋಗುತ್ತಿದ್ದಳು. ಅದನ್ನೂ ಜಂಬ ಎಂದೇ ಹೆಂಗಸರು ತಿಳಿದಿದ್ದರು.

* * *

ಬುರುಲ್‌ಗೆ ಹನ್ನೊಂದು ವರ್ಷವಾಗಿದ್ದಾಗ, ಕುರಿ ತುಪ್ಪಟ ಕತ್ತರಿಸುವ ದಿನ, ಉಣ್ಣೆಯ ರಾಶಿಯ ಮೇಲೆ ಬಿದ್ದಳು. ಮೂರನೆಯ ಸಲ ಬಿದ್ದಾಗ ಅವಳಪ್ಪ ಜಪಾರ್‌ನ ಅಪ್ಪನನ್ನು ಕರೆಸಿದ. ಇಂಥದ್ದಕ್ಕೆ ಸರ್ಕಾರ ಜೈಲಿಗೆ ಹಾಕುತ್ತಿದ್ದ ಕಾಲ ಅದು. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಮಾಡಿದರು. ಕಿರುಚದಂತೆ ಕಬ್ಬಿಣದ ಸೌಟಿನ ಹಿಡಿಯನ್ನು ಬಾಯಿಗೆ ಅಡ್ಡ ತುರುಕಿದರು. ಮುಂದಿನ ಹಲ್ಲುಗಳು ಅಲ್ಲೇ ಉದುರಿದವು. ಅವಳಪ್ಪ ಬಾಗಿಲ ಹೊರಗೆ ಕಾವಲಿದ್ದ. ಒಳಗಿನಿಂದ ಏಟಿನ ಸದ್ದು ಮಾತ್ರ ಬರುತ್ತಿತ್ತು, ಮಗಳ ಸದ್ದಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅವಳು ಮತ್ತೆ ಬಿದ್ದಳು. ಬೆನ್ನು ಕೊಳೆತು ಚಳಿಗಾಲವಿಡೀ ಬೋರಲು ಮಲಗಿದಳು. ಅವಳಪ್ಪ ಕುದುರೆ ವ್ಯಾಪಾರಿ. ಕಣಿವೆಯಲ್ಲಿ ಅವನಿಗೆ ಮೋಸ ಮಾಡಿದವರಿಲ್ಲ ಎಂಬ ಹೆಸರಿತ್ತು. ಮಗಳ ಬೆನ್ನಿಗೆ ಕೊಬ್ಬು ಸವರುತ್ತ ಅವನು ಹೇಳಿದ ಮಾತು ಅವಳಿಗೆ ಕೊನೆವರೆಗೂ ನೆನಪಿತ್ತು.

"ಕುದುರೆ ಸುಳಿ ಹೇಗಿದೆ ಅಂತ ಮಾರೋನ್ನ ನಾನು ಯಾವತ್ತೂ ಕೇಳಿಲ್ಲ ಮಗಳೇ. ಲಾಭ ಇಲ್ಲದ ಮೂವರನ್ನ ಕೇಳ್ತೀನಿ. ಒಬ್ಬರಿಗೊಬ್ಬರು ಗುರುತಿಲ್ಲದ ಮೂವರನ್ನ. ಮೂವರೂ ಒಂದೇ ಹೇಳಿದ್ರೆ ನಂಬ್ತೀನಿ. ನಿನ್ನ ವಿಷಯದಲ್ಲಿ ಮಾರೋನ್ನೇ ಕೇಳ್ಬಿಟ್ಟೆ."

ಬುರುಲ್ ದೊಡ್ಡವಳಾಗಿ, ಮಂಬೆತ್‌ನ ಹೆಂಡತಿಯಾಗಿ, ಹೊಟ್ಟೆಯಲ್ಲಿ ಎರ್ಮೆಕ್ ಇದ್ದಾಗ ಅಂಥ ಮೂವರನ್ನು ಹುಡುಕಿ ಹೊರಟಳು. ಅಷ್ಟರಲ್ಲಿ ಊರಿನವರು ಅವಳಿಗೆ ತೋಳದ ಕೊಬ್ಬು ತಿನ್ನಿಸಿದ್ದರು, ಹದ್ದಿನ ಪಿತ್ತ ಕುಡಿಸಿದ್ದರು. ನೆರೆಮನೆಯ ಜುಮಾಗುಲ್ ತಿಂಗಳಿಗೊಂದು ಹೊಸ ಮದ್ದು ಬಟ್ಟಲಲ್ಲಿ ತಂದು, ಬುರುಲ್‌ಳ ಸೌಟು ಕಂಡ ಕೂಡಲೇ ಓಡುತ್ತಿದ್ದಳು. ನಾರಿನ್ ಪಟ್ಟಣದ ಆಸ್ಪತ್ರೆಯ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದಾಗ ಬುರುಲ್ ಅವರ ಬಿಳಿ ಕೋಟಿನ ಕಾಲರು ಹಿಡಿದಳು. ನೇರ ಹೇಳುವವರೆಗೆ ಬಿಡಲಿಲ್ಲ. ಅದೇ ಪ್ರಶ್ನೆಗಳನ್ನು ರಾಜಧಾನಿಯಲ್ಲಿ ಒಬ್ಬ ಮುದಿ ವೈದ್ಯೆಗೆ ಕೇಳಿದಳು. ಸರೋವರದಾಚೆಯ ಊರಿನಲ್ಲಿ ಇನ್ನೊಬ್ಬರಿಗೆ ಕೇಳಿದಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ.

ಮೂವರೂ ಒಂದೇ ಹೇಳಿದರು. ಇದು ಮಿದುಳಿನ ಕಾಯಿಲೆ, ದೆವ್ವವಲ್ಲ. ಅಂಟುವುದಿಲ್ಲ. ಮಾತ್ರೆ ದಿನಾ ನುಂಗಬೇಕು, ಚೆನ್ನಾಗಿದ್ದೀನಿ ಅಂತ ತಾನಾಗಿ ಬಿಡಬಾರದು. ಬಿದ್ದಾಗ ಬಾಯಿಗೆ ಏನೂ ಹಾಕಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ಬರುತ್ತದೆಯೇ ಎಂದು ಕೇಳಿದಾಗಲೂ ಮೂವರೂ ಒಂದೇ ಹೇಳಿದರು. ಬರಬಹುದು, ಬಾರದೆಯೂ ಇರಬಹುದು, ನಮಗೆ ಗೊತ್ತಿಲ್ಲ.

"ಗೊತ್ತಿಲ್ಲ ಅಂದ್ರಲ್ಲ, ಅದಕ್ಕೇ ನಂಬಿದೆ," ಎಂದಳು ಮನೆಗೆ ಬಂದು ಮಂಬೆತ್‌ನಿಗೆ. "ಎಲ್ಲಾ ಗೊತ್ತು ಅನ್ನೋನ ಹತ್ರ ಕುದುರೆ ಕೊಳ್ಳಬಾರ್ದು."

ಆದರೂ ಒಮ್ಮೆ ಎಡವಿದಳು. ಎರಡು ವರ್ಷ ಬೀಳಲಿಲ್ಲ. ವಾಸಿಯಾಯಿತು ಎಂದು ಮಾತ್ರೆ ಬಿಟ್ಟಳು, ಒಲೆಯ ಮೇಲೆ ಬಿದ್ದಳು. ಮುಂಗೈಯ ಮಾಂಸ ಬೆಂದುಹೋಯಿತು. ಆಮೇಲೆ ಅವಳು ಯಾರಿಗೂ ಮೆತ್ತಗೆ ಬುದ್ಧಿ ಹೇಳಲಿಲ್ಲ. ಮೆತ್ತಗೆ ಹೇಳಿದರೆ ಜನ ಮರೆಯುತ್ತಾರೆ, ಹೊಡೆದು ಹೇಳಿದರೆ ಸಿಟ್ಟಿಗಾದರೂ ನೆನಪಿಟ್ಟುಕೊಳ್ಳುತ್ತಾರೆ ಎನ್ನುತ್ತಿದ್ದಳು.

* * *

ಕಂಬಳಿಯಲ್ಲಿ ಸುತ್ತಿದ ಹೆಣವನ್ನು ಗುಡಾರದಿಂದ ಎತ್ತಿದರು. ಹೆಂಗಸರು ಒಮ್ಮೆಲೇ ದನಿ ತೆಗೆದರು. ಅಂಗಳದ ಆ ತುದಿಯಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ಮುಲ್ಲಾ ರೂಢಿಯ ಹಾಗೆ ಕೇಳಿದ.

"ಈಕೆ ಎಂಥವಳು?"

"ಒಳ್ಳೆಯವಳು," ಎಂದರು ಗಂಡಸರೆಲ್ಲ.

"ಒಳ್ಳೆಯವಳು," ಎಂದ ಮಂಬೆತ್ ಎಲ್ಲರಿಗಿಂತ ತಡವಾಗಿ. "ಕೈ ಸ್ವಲ್ಪ ಮುಂದು."

ಕಾಲಿಪಾ ಹಾಡಿ ಅಳುವುದರಲ್ಲಿ ಹೆಸರಾದವಳು. ದನಿ ಎತ್ತಿಕೊಡಬೇಕಾದವಳು ಅವಳೇ. ಅಂದು ಬೇರೆಯವರು ಎತ್ತಿದರು. ಜಪಾರ್‌ನನ್ನು ಹುಡುಕಿ ಬೇಡ ಎನ್ನಬೇಕು, ಮಗುವನ್ನು ಒಳಗೆ ಕರೆಯಬೇಕು ಎಂದುಕೊಳ್ಳುತ್ತಲೇ ಅವಳು ಕೂತಿದ್ದಳು. ತಾನು ಹೋಗದೆ ಶುರುವಾಗುವುದಿಲ್ಲ ಎಂಬ ನಂಬಿಕೆ. ಆಗ ಅಷ್ಟು ಅಳುವಿನ ನಡುವೆ, ಗುಡಾರದ ಕಂಬಳಿಯ ಆಚೆಯಿಂದ ಒಂದು ಸದ್ದು ಕೇಳಿತು. ಒದ್ದೆ ಬಟ್ಟೆ ಕಲ್ಲಿಗೆ ಬಡಿದಂತೆ. ಮತ್ತೊಂದು.

ಅವಳು ಗಿಂಡಿಯನ್ನು ಕೈಯಲ್ಲೇ ಹಿಡಿದು ಓಡಿದಳು.

ಎಲ್ನುರಾ ಮಗಳ ಎರಡೂ ಕೈ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಳು. ಬೆರ್ಮೆತ್‌ಳ ಅಂಗಿ ಮೇಲೆತ್ತಿತ್ತು. ಪುಟ್ಟ ಬೆನ್ನಿನ ಮೇಲೆ ಎರಡು ಕೆಂಪು ಗೆರೆ ಎದ್ದಿದ್ದವು. ಜಪಾರ್ ಮೂರನೆಯದಕ್ಕೆ ಕೈ ಎತ್ತಿದ್ದ. ಕಾಲಿಪಾ ನುಗ್ಗಿದಳು. ಗಿಂಡಿಯನ್ನು ಎರಡೂ ಕೈಯಲ್ಲಿ ಬೀಸಿ ಅವನ ಬಾಯಿಗೆ ಹೊಡೆದಳು.

ಅವನು ಹಿಂದಕ್ಕೆ ಬಿದ್ದ. ಎದ್ದು, ಬಾರುಕೋಲಿನ ಹಿಡಿಯಿಂದ ಅವಳ ಕಪಾಳಕ್ಕೆ ಬಾರಿಸಿದ. ತಲೆವಸ್ತ್ರ ಕಳಚಿ ಬಿತ್ತು. ಅವಳು ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದಳು, ಎಲುಬು ತಾಗುವವರೆಗೆ. ಅವನ ಇನ್ನೊಂದು ಮುಷ್ಟಿ ಅವಳ ಕಿವಿಯ ಮೇಲೆ, ಕತ್ತಿನ ಮೇಲೆ ಬೀಳುತ್ತಲೇ ಇತ್ತು. ಅವಳು ಬಿಡಲಿಲ್ಲ. ಬಾರುಕೋಲು ನೆಲಕ್ಕೆ ಬಿತ್ತು.

"ಅಮ್ಮಾ, ಮಗು," ಎಂದಳು ಎಲ್ನುರಾ.

ಬೆರ್ಮೆತ್ ಸೆಟೆದುಕೊಂಡಿದ್ದಳು. ಕಣ್ಣು ಮೇಲಕ್ಕೆ ಹೋಗಿ ಬಿಳಿ ಕಾಣುತ್ತಿತ್ತು. ಹಿಮ್ಮಡಿ ನೆಲವನ್ನು ಬಡಿಯುತ್ತಿತ್ತು.

"ನೋಡಿ," ಎಂದ ಜಪಾರ್. ಬಾಯಿಂದ ರಕ್ತದ ಜೊತೆ ಹಲ್ಲು ಉಗುಳಿದ. "ಹೊರಗೆ ಬರ್ತಿದೆ ಅದು. ಅದುಮಿ ಹಿಡೀರಿ. ಬಾಯಿಗೆ ಚಮಚ ಹಾಕಿ."

ಎಲ್ನುರಾ ಚಮಚ ಮೊದಲೇ ತಂದಿಟ್ಟುಕೊಂಡಿದ್ದಳು. ಅದನ್ನು ಮಗುವಿನ ತುಟಿಗೆ ತಂದಾಗ ಕಾಲಿಪಾ ಮಗಳ ಕೈಗೆ ಹೊಡೆದಳು. ಚಮಚ ಹಾರಿತು.

"ಬಾಯಿಗೆ ಏನೂ ಹಾಕ್ಬಾರ್ದು," ಎಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. "ಅದುಮಿ ಹಿಡೀಬಾರ್ದು. ಕೈ ಬಿಡು. ಮಗ್ಗುಲಿಗೆ ಮಲಗಿಸು. ಹಾಗಲ್ಲ, ಹೀಗೆ. ನಿನ್ನ ಶಾಲು ಕೊಡಿಲ್ಲಿ, ತಲೆ ಕೆಳಗೆ."

"ಆಮೇಲೆ?"

"ಕಾಯೋದು. ಚಹಾ ಒಂದು ಕುದಿ ಬರೋಷ್ಟು ಹೊತ್ತು."

ಅಳು ನಿಂತಿತ್ತು. ಹೆಂಗಸರು ಗುಡಾರದ ಸುತ್ತ ಬಂದು ನಿಂತಿದ್ದರು. ನಮಾಜು ಮುಗಿದಿತ್ತು, ಗಂಡಸರೂ ಬಂದರು. ಕಾಲಿಪಾ ಮಗುವಿನ ಪಕ್ಕ ಮಂಡಿಯೂರಿ, ಯಾರೂ ಹತ್ತಿರ ಬಾರದಂತೆ ಒಂದು ಕೈ ಚಾಚಿ ಕೂತಿದ್ದಳು. ಬೆರ್ಮೆತ್‌ಳ ಕಾಲಿನ ಬಡಿತ ನಿಧಾನವಾಯಿತು. ನಿಂತಿತು. ಬಾಯಂಚಿನಿಂದ ಜೊಲ್ಲು ಇಳಿಯಿತು. ಆಮೇಲೆ ಮಗು ದೊಡ್ಡದಾಗಿ ಉಸಿರೆಳೆದುಕೊಂಡಿತು, ಗೊರಕೆಯ ಹಾಗೆ. ಕಾಲಿಪಾ ಆಗ ಅತ್ತಳು.

"ಬೀಗಿತ್ತಿಯರಿಬ್ಬರಿಗೂ ಒಂದೇ ಗಾಳಿ," ಎಂದ ಜಪಾರ್, ಟೊಪ್ಪಿಯಿಂದ ಬಾಯಿ ಒತ್ತಿಕೊಂಡು. "ನಿಮ್ಮ ಒಳ್ಳೇದಕ್ಕೆ ಬಂದೆ ನಾನು."

"ನಾನು ಅವಳ ಬೆನ್ನು ತೊಳೆದೆ," ಎಂದಳು ಕಾಲಿಪಾ.

"ಕಾಲಿಪಾ," ಎಂದಳು ಸೋನುನ್. "ಅದು ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ಲ ಅಂತಾನೇ ಐವತ್ತು ವರ್ಷ ಇವರ ಮನೆ ಒಲೆ ಉರೀತು ಅಕ್ಕಾ." ಅವಳು ಎದ್ದು ನಿಂತಳು. ಬರಿದಲೆ, ಕಿತ್ತ ಕೂದಲಿನ ಜಾಗ ಎಲ್ಲರಿಗೂ ಕಾಣುತ್ತಿತ್ತು. "ಹೆಗಲಿಂದ ಸೊಂಟದವರೆಗೆ ಬೆರಳಿಡೋಕೆ ಜಾಗ ಇಲ್ಲ. ಇವನಪ್ಪ ಹೊಡೆದದ್ದು, ಹನ್ನೊಂದು ವರ್ಷದ ಮಗೂಗೆ. ಏಟು ಗಾಳಿಗೆ ಬೀಳುತ್ತೆ ಅಂದ ಇವನು. ಗಾಳಿಗೆ ಬಿದ್ದಿದ್ರೆ ಅವಳ ಮೈಮೇಲೆ ಯಾಕೆ ಉಳೀತು? ಆ ಚಿನ್ನದ ಹಲ್ಲು ಯಾಕೆ ಅಂತ ಯಾರಿಗಾದ್ರೂ ಗೊತ್ತಾ? ನಾವೆಲ್ಲ ಜಂಬ ಅಂದ್ವಲ್ಲ. ನಾನೇ ಎಲ್ಲರಿಗಿಂತ ಹೆಚ್ಚು ಅಂದೆ."

ತೊಳೆದವಳು ಬಾಯಿ ಬಿಟ್ಟ ಪಾಪ ದೊಡ್ಡದೋ, ಅವಳು ಹೇಳಿದ್ದು ದೊಡ್ಡದೋ ಎಂದು ತೀರ್ಮಾನಿಸಲು ಮುಲ್ಲಾಗೂ ಆಗಲಿಲ್ಲ, ಅವನು ಗಡ್ಡ ನೀವಿಕೊಂಡ. ಎರ್ಮೆಕ್ ಜಪಾರ್‌ನ ಕತ್ತುಪಟ್ಟಿ ಹಿಡಿದು ಗೇಟಿನವರೆಗೆ ದರದರ ಎಳೆದುಕೊಂಡು ಹೋದ. ಯಾರೂ ಬಿಡಿಸಲು ಹೋಗಲಿಲ್ಲ.

ಮಂಬೆತ್ ಬಾಗಿ ಬಾರುಕೋಲನ್ನು ಎತ್ತಿಕೊಂಡ. ಆ ಬೆನ್ನು ಅವನಿಗೆ ಗೊತ್ತಿತ್ತು. ಯಾರಿಗೂ ಹೇಳಬೇಡ, ಕರುಣೆ ತೋರಿಸೋರ ಕೈಲಿ ಸಿಕ್ಕಿಬೀಳಲಾರೆ ಅಂದಿದ್ದಳು. ಅವನು ನಡೆದುಹೋಗಿ ಅದನ್ನು ಕೊಪ್ಪರಿಗೆಯ ಕೆಳಗಿನ ಬೆಂಕಿಗೆ ಎಸೆದ. ಮೇಲೆ ಅವಳನ್ನು ಕೊಂದ ಕುದುರೆ ಬೇಯುತ್ತಿತ್ತು, ಕೆಳಗೆ ತೊಗಲು ಸುರುಟಿಕೊಂಡು ಉರಿಯಿತು.

"ನಡೀರಿ," ಎಂದ. "ಅವಳಿಗೆ ಕಾದು ಅಭ್ಯಾಸ ಇಲ್ಲ."

ಕಾಲಿಪಾ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದಳು. ಎಲ್ನುರಾ ಕೈ ಚಾಚಿದಾಗ ಕೊಡಲಿಲ್ಲ. "ಪೂರ್ತಿ ಎಚ್ಚರ ಆಗೋ ತನಕ ಏನೂ ಬೇಡ. ಮೊದಲು ಆ ಆಸ್ಪತ್ರೆಗೆ ಫೋನ್ ಮಾಡು. ಎರಡು ದಿನದ್ದು ತಪ್ಪಿದೆ, ಈಗ ಏನು ಮಾಡ್ಬೇಕು ಅಂತ ಕೇಳು. ತಪ್ಪಿಸಿದ್ದು ನಾನು ಅಂತಾನೂ ಹೇಳು."

* * *

ಮಣ್ಣು ಮಾಡಿ ಬಂದು, ಮಾಂಸ ಉಂಡು, ಜನ ಚದುರಿದ ಮೇಲೆ ಸತ್ತವಳ ಬಟ್ಟೆ ಹಂಚಿದರು. ಹೆಣ ತೊಳೆದವರಿಗೆ ಅವರವರ ಪಾಲು ಸಲ್ಲಬೇಕು. ಮಖಮಲ್ಲಿನ ಅಂಗಿ, ಹೊಸ ಶಾಲು, ಬೂಟು ಉಳಿದ ಮೂವರಿಗೆ ಹೋಯಿತು. ಸೋನುನ್ ಎಲ್ಲರ ಕೊನೆಗೆ ಕಾಲಿಪಾಳ ಮಡಿಲಿಗೆ ಹಾಲು ಕರೆಯುವಾಗ ಬುರುಲ್ ತೊಡುತ್ತಿದ್ದ ಹಳೆಯ ಹತ್ತಿ ತುಂಬಿದ ಕೋಟು ಎಸೆದಳು. ತೋಳಿನ ಹೊಲಿಗೆ ಬಿಚ್ಚಿತ್ತು, ಹುಳಿ ಹಾಲಿನ ವಾಸನೆ.

"ಬಾಯಿ ಬಿಟ್ಟವಳಿಗೆ ಇದೇ ಸಾಕು," ಎಂದಳು. ಆಮೇಲೆ ಒಲೆಯ ಬಳಿ ಹೋಗಿ ಮರದ ಸೌಟನ್ನೂ ತಂದು ಅದರ ಮೇಲಿಟ್ಟಳು.

ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಮಾತ್ರೆ ನುಂಗಿ ಬೆರ್ಮೆತ್ ಬೋರಲು ಮಲಗಿದ್ದಳು. ಬೆನ್ನಿನ ಗೆರೆಗಳಿಗೆ ಎಲ್ನುರಾ ತಣ್ಣೀರು ಬಟ್ಟೆ ಹಾಕುತ್ತಿದ್ದಳು. ಹೊತ್ತು ಕಂತುತ್ತಿತ್ತು, ಚಳಿ ಇಳಿಯುತ್ತಿತ್ತು. ಕಾಲಿಪಾ ಕೋಟು ತೊಟ್ಟು ಹೊಸ್ತಿಲ ಮೇಲೆ ಕೂತಳು. ತೋಳು ಉದ್ದವಾಯಿತು, ಮಡಚಿಕೊಂಡಳು. ಸೌಟು ತೊಡೆಯ ಮೇಲಿತ್ತು.

ಗೇಟು ಕಿರ್ರೆಂದಿತು. ಜುಮಾಗುಲ್ ಬಟ್ಟಲೊಂದಕ್ಕೆ ಕೈ ಮುಚ್ಚಿಕೊಂಡು ಒಳಗೆ ಕಾಲಿಟ್ಟಳು, ಮಗುವಿಗೆ ತೋಳದ ಕೊಬ್ಬು. ನಾಲ್ಕು ಹೆಜ್ಜೆ ಬಂದು ತಲೆ ಎತ್ತಿದಳು. ಮಬ್ಬಿನಲ್ಲಿ ಹೊಸ್ತಿಲ ಮೇಲೆ ಆ ಕೋಟು, ಆ ಸೌಟು. ಜುಮಾಗುಲ್‌ಳ ಬಾಯಲ್ಲಿ ಅಲ್ಲಾನ ಹೆಸರು ಬಂತು. ಕೋಟು ಎದ್ದು ನಿಂತಿತು. ಬಟ್ಟಲನ್ನು ಎದೆಗವಚಿಕೊಂಡು ಅವಳು ಬಂದ ದಾರಿಯಲ್ಲೇ ಓಡಿದಳು, ಗೇಟು ಹಾಕುವುದನ್ನೂ ಮರೆತು.